ಕೆಲ್ಟಿಕ್ ಪುರಾಣಗಳಲ್ಲಿ ಡ್ರ್ಯಾಗನ್

ಕೆಲ್ಟಿಕ್ ಪುರಾಣಗಳ ಡ್ರ್ಯಾಗನ್ ಮೂಲತಃ ನೀರಿನ ಪ್ರಾಣಿ. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಫ್ರಾನ್ಸಿನ ಬ್ರಿಟನಿ ಪ್ರಾಂತಗಳ ಹಳೆಯ ಕಥೆಗಳಲ್ಲಿ ಅದರ ನೆಲೆ ಸಾಮಾನ್ಯವಾಗಿ ಸರೋವರದ ತಳ, ನದಿಯ ಮಡು, ಕಡಲತೀರದ ಗವಿ ಅಥವಾ ನೆಲದಡಿಯ ಕೊಳ. ರೆಕ್ಕೆ ಬಿಚ್ಚಿ ಹಾರುವ, ಬೆಂಕಿ ಉಗುಳುವ, ಚಿನ್ನದ ರಾಶಿಯ ಮೇಲೆ ಮಲಗುವ ಡ್ರ್ಯಾಗನ್ ಇಲ್ಲಿ ವಿರಳ; ಅದು ಹೆಚ್ಚಾಗಿ ಜರ್ಮಾನಿಕ್ ಜನರ ಕಥೆಗಳಿಂದ ಮತ್ತು ಮಧ್ಯಯುಗದ ಕೊನೆಯ ಪ್ರೇಮಕಾವ್ಯಗಳಿಂದ ಬಂದ ರೂಪ. ಇಂದು ವೇಲ್ಸಿನ ಬಾವುಟದಲ್ಲಿ ಕಾಣುವ ಕೆಂಪು ಡ್ರ್ಯಾಗನ್ ಕೂಡ ತನ್ನ ಮೊದಲ ಕಥೆಯಲ್ಲಿ ಕೊಳವೊಂದರಲ್ಲಿ ಮಲಗಿದ್ದ ಹುಳು. ನೀರಿನ ಹುಳು ರಾಷ್ಟ್ರಲಾಂಛನವಾದ ಬಗೆ ಈ ಪುರಾಣಪರಂಪರೆಯ ಅತ್ಯಂತ ಕುತೂಹಲದ ಭಾಗ.

ಪ್ರಾಚೀನ ಕೆಲ್ಟರು ತಮ್ಮ ದೇವತೆಗಳ ಕಥೆಗಳನ್ನು ಬರೆದಿಡಲಿಲ್ಲ. ಅವರ ಪುರೋಹಿತರಾದ ಡ್ರೂಯಿಡರು ಪವಿತ್ರ ವಿದ್ಯೆಯನ್ನು ಬರಹಕ್ಕೆ ಇಳಿಸದೆ ಬಾಯಿಪಾಠ ಮಾಡಿಸುತ್ತಿದ್ದರೆಂದು ಜೂಲಿಯಸ್ ಸೀಸರ್ ದಾಖಲಿಸಿದ್ದಾನೆ. ಹೀಗಾಗಿ ಡ್ರ್ಯಾಗನ್ನಿನ ಕುರಿತ ಆಧಾರಗಳು ಬೇರೆ ಬೇರೆ ಕಾಲದವು. ಕ್ರಿಸ್ತಪೂರ್ವದ ಲೋಹದ ಕೆಲಸ ಮತ್ತು ರೋಮನ್ ಆಳ್ವಿಕೆಯ ಶಿಲ್ಪಗಳು ಅತ್ಯಂತ ಹಳೆಯವು. ಅವುಗಳ ಜೊತೆಗೆ ಬರಹದ ಕಥೆ ಇಲ್ಲ. ಸುಮಾರು ಕ್ರಿ.ಶ. 7ನೆಯ ಶತಮಾನದಿಂದ ಕ್ರೈಸ್ತ ಮಠಗಳಲ್ಲಿ ಬರೆದ ಐರಿಶ್ ಮತ್ತು ಲ್ಯಾಟಿನ್ ಪಠ್ಯಗಳಲ್ಲಿ, ಅನಂತರದ ವೆಲ್ಷ್ ಹಸ್ತಪ್ರತಿಗಳಲ್ಲಿ ಕಥೆ ಸಿಗುತ್ತದೆ. ಆದರೆ ಅವನ್ನು ಬರೆದವರಿಗೆ ಬೈಬಲ್ಲಿನ ಸರ್ಪವೂ ಗೊತ್ತಿತ್ತು. 18, 19ನೆಯ ಶತಮಾನಗಳಲ್ಲಿ ಸಂಗ್ರಹಿಸಿದ ಜನಪದ ಕಥೆಗಳದು ಮತ್ತೊಂದು ಪದರ. ಇವೆಲ್ಲವನ್ನೂ ಒಂದೇ ನಂಬಿಕೆಯ ಚೂರುಗಳೆಂದು ಜೋಡಿಸಲು ಹೊರಟವರು ಹಲವು ಬಾರಿ ಎಡವಿದ್ದಾರೆ.

ಕ್ರಿ.ಪೂ. 3ನೆಯ ಶತಮಾನದ ಹೊತ್ತಿಗೆ ಲಾ ಟೇನ್ ಸಂಸ್ಕೃತಿಯ ಯೋಧರ ಕತ್ತಿಯ ಒರೆಗಳ ಮೇಲೆ ಎದುರುಬದುರಾಗಿ ನಿಂತ ಎರಡು ಬಳುಕು ಪ್ರಾಣಿಗಳ ಚಿತ್ತಾರ ಕಾಣಿಸಿಕೊಳ್ಳುತ್ತದೆ. ಪುರಾತತ್ತ್ವಜ್ಞರು ಇದನ್ನು ಡ್ರ್ಯಾಗನ್ ಜೋಡಿ ಎನ್ನುತ್ತಾರೆ. ಹಂಗೆರಿಯಿಂದ ಲಂಡನ್ನಿನ ಥೇಮ್ಸ್ ನದಿಯವರೆಗೆ ಇಂಥ ಒರೆಗಳು ದೊರೆತಿವೆ. ಅದು ಬರಿಯ ಅಲಂಕಾರವೋ, ಯೋಧನ ರಕ್ಷೆಯೋ, ಯಾವುದಾದರೂ ಪಂಗಡದ ಗುರುತೋ ಎಂಬ ಚರ್ಚೆ ಮುಗಿದಿಲ್ಲ.

ಕೆಲ್ಟಿಕ್ ಸರ್ಪಗಳಲ್ಲಿ ಅತ್ಯಂತ ವಿಶಿಷ್ಟವಾದದ್ದು ಟಗರಿನ ಕೊಂಬುಳ್ಳ ಹಾವು. ಡೆನ್ಮಾರ್ಕಿನ ಗುಂಡೆಸ್ಟ್ರಪ್ ಬಳಿಯ ಜವುಗಿನಲ್ಲಿ 1891ರಲ್ಲಿ ದೊರೆತ ದೊಡ್ಡ ಬೆಳ್ಳಿಯ ಕೊಪ್ಪರಿಗೆಯ ಒಳಫಲಕದಲ್ಲಿ, ಸಾರಂಗದ ಕೊಂಬು ತೊಟ್ಟ ವ್ಯಕ್ತಿಯೊಬ್ಬ ಕಾಲು ಮಡಿಸಿ ಕುಳಿತಿದ್ದಾನೆ. ಅವನ ಒಂದು ಕೈಯಲ್ಲಿ ಹುರಿಗಟ್ಟಿದ ಕೊರಳ ಕಡಗ. ಇನ್ನೊಂದು ಕೈ ಟಗರುಗೊಂಬಿನ ಹಾವನ್ನು ಕುತ್ತಿಗೆಯ ಕೆಳಗೆ ಬಿಗಿಯಾಗಿ ಹಿಡಿದಿದೆ. ಈ ವ್ಯಕ್ತಿಯನ್ನು ಸಾಮಾನ್ಯವಾಗಿ ಕೆರ್ನುನೋಸ್ ಎಂಬ ದೇವರೆಂದು ಗುರುತಿಸುತ್ತಾರೆ. ಕೊಪ್ಪರಿಗೆ ಆಗ್ನೇಯ ಯೂರೋಪಿನ ಕಸುಬುದಾರರ ಕೈಕೆಲಸ ಎಂದು ಹಲವು ವಿದ್ವಾಂಸರು ಭಾವಿಸಿದರೂ ಕೊಂಬಿನ ಹಾವು ಮಾತ್ರ ಗಾಲ್ ಮತ್ತು ಬ್ರಿಟನ್ನಿನ ಶಿಲ್ಪಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್‌ನಲ್ಲಿ ಸಿಕ್ಕ ಉಬ್ಬುಶಿಲ್ಪದಲ್ಲಿ ಇಂಥ ಎರಡು ಹಾವುಗಳು ದೇವರ ಎರಡೂ ಕಡೆ ಹೆಡೆಯೆತ್ತಿ ನಿಂತಿವೆ.

ಹಾವು ಇಲ್ಲಿ ಕೇಡಿನ ಗುರುತಲ್ಲ. ಜರ್ಮನಿಯ ಹೋಕ್‌ಶೈಡ್‌ನ ಬುಗ್ಗೆಯ ಬಳಿಯಿದ್ದ ಗುಡಿಯಲ್ಲಿ ಪೂಜೆಗೊಳ್ಳುತ್ತಿದ್ದ ಸಿರೋನಾ ರೋಗ ವಾಸಿಮಾಡುವ ದೇವತೆ. ಅವಳ ತೋಳಿಗೆ ಹಾವು ಸುತ್ತಿಕೊಂಡಿದೆ, ಕೈಯಲ್ಲಿ ಮೊಟ್ಟೆಗಳ ಬಟ್ಟಲಿದೆ. ಬುಗ್ಗೆಯ ನೀರು, ಮೊಟ್ಟೆ, ಹಾವು ಮೂರೂ ಒಂದೇ ಶಿಲ್ಪದ ಸುತ್ತ ಸೇರಿರುವುದು ಗಮನಾರ್ಹ. ಅದೇ ಕಾಲದಲ್ಲಿ ರೈನ್ ಮತ್ತು ಮೊಸೆಲ್ ನದಿಗಳ ಸೀಮೆಯಲ್ಲಿ ನಿಲ್ಲಿಸಿದ ಜ್ಯುಪಿಟರ್ ಕಂಬಗಳ ತುದಿಯಲ್ಲಿ ಕುದುರೆಯೇರಿದ ಆಕಾಶದೇವರು ಹಾವಿನ ಕಾಲುಗಳ ದೈತ್ಯನನ್ನು ತುಳಿಯುತ್ತಿದ್ದಾನೆ. ರೋಮಿನ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ ಗಾಲ್ ಪ್ರದೇಶದ ಸರ್ಪಮೊಟ್ಟೆಯ ಬಗ್ಗೆ ಬರೆದಿದ್ದಾನೆ. ಹಾವುಗಳು ಹೆಣೆದುಕೊಂಡು ತಮ್ಮ ಜೊಲ್ಲಿನಿಂದ ಅದನ್ನು ರೂಪಿಸುತ್ತವೆ, ವ್ಯಾಜ್ಯ ಗೆಲ್ಲಲು ಡ್ರೂಯಿಡರು ಅದನ್ನು ಬಳಸುತ್ತಾರೆ ಎಂಬುದು ನಂಬಿಕೆ. ಅಂಥ ಮೊಟ್ಟೆಯನ್ನು ಎದೆಯ ಬಳಿ ಇಟ್ಟುಕೊಂಡು ನ್ಯಾಯಸ್ಥಾನಕ್ಕೆ ಬಂದವನೊಬ್ಬನನ್ನು ಕ್ಲಾಡಿಯಸ್ ಚಕ್ರವರ್ತಿ ಕೊಲ್ಲಿಸಿದನೆಂದೂ ಪ್ಲಿನಿ ಹೇಳುತ್ತಾನೆ. ವೇಲ್ಸಿನಲ್ಲಿ ಹಾವಿನ ಹರಳು ಎಂಬ ಹೆಸರಿನಲ್ಲಿ ಗಾಜಿನ ಹಳೆಯ ಮಣಿಗಳನ್ನು ಔಷಧಿಗಾಗಿ ಜೋಪಾನ ಮಾಡುವ ರೂಢಿ ಬಹುಕಾಲ ಇತ್ತು.

ಬರಹದ ಕಥೆಗಳಲ್ಲಿ ಹಳತೂ ಗಾಢವೂ ಆದದ್ದು ಐರ್ಲೆಂಡಿನ ಫರ್ಗಸ್ ಮಾಕ್ ಲೇಟಿಯ ಕಥೆ. 8ನೆಯ ಶತಮಾನದ ಈ ಕಥೆ ಕಾನೂನು ಗ್ರಂಥವೊಂದರ ಜೊತೆ ಉಳಿದುಬಂದಿದೆ. ಅಲ್‌ಸ್ಟರ್‌ನ ರಾಜ ಫರ್ಗಸ್ ಕಡಲ ತೀರದಲ್ಲಿ ನಿದ್ದೆ ಹೋಗಿದ್ದಾಗ ನೀರಿನ ಕುಳ್ಳರು ಅವನನ್ನು ಹೊತ್ತೊಯ್ಯಲು ಯತ್ನಿಸುತ್ತಾರೆ. ಎಚ್ಚೆತ್ತ ರಾಜ ಅವರನ್ನು ಹಿಡಿದುಕೊಳ್ಳುತ್ತಾನೆ. ಬಿಡುಗಡೆಗೆ ಪ್ರತಿಯಾಗಿ ನೀರಿನಡಿಯಲ್ಲಿ ಸಂಚರಿಸುವ ಶಕ್ತಿಯನ್ನು ಪಡೆಯುತ್ತಾನೆ. ಮುಂದೆ ಲೆಪ್ರಕಾನ್ ಎಂದು ಹೆಸರಾದ ಕುಳ್ಳರು ಸಾಹಿತ್ಯದಲ್ಲಿ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ. ಅವರು ಹಾಕಿದ ಷರತ್ತು ಒಂದೇ: ಫರ್ಗಸ್ ತನ್ನ ನಾಡಿನ ರೂರಿ ಸರೋವರಕ್ಕೆ ಮಾತ್ರ ಇಳಿಯಕೂಡದು. ಇಂದಿನ ಡೌನ್ ಕೌಂಟಿಯ ಡಂಡ್ರಮ್ ಕೊಲ್ಲಿಯೇ ಆ ಸರೋವರ.

ಫರ್ಗಸ್ ಅಲ್ಲಿಗೂ ಇಳಿಯುತ್ತಾನೆ. ತಳದಲ್ಲಿ ಮುಯಿರ್‌ಡ್ರಿಸ್ ಎಂಬ ಪ್ರಾಣಿ ಕಮ್ಮಾರನ ತಿದಿಯ ಹಾಗೆ ಒಮ್ಮೆ ಉಬ್ಬುತ್ತ, ಒಮ್ಮೆ ಕುಗ್ಗುತ್ತ ಇರುವುದನ್ನು ಕಂಡು ಅವನ ಬಾಯಿ ಭಯದಿಂದ ತಲೆಯ ಹಿಂಬದಿಗೆ ಸೊಟ್ಟಗಾಗುತ್ತದೆ. ಅಂಗದೋಷವಿದ್ದವನು ರಾಜನಾಗಿರುವಂತಿಲ್ಲ ಎಂಬುದು ಐರಿಶ್ ಕಟ್ಟಳೆ. ಆದರೆ ಅಲ್‌ಸ್ಟರ್‌ನ ಹಿರಿಯರಿಗೆ ತಮ್ಮ ರಾಜ ಬೇಕು. ಅರಮನೆಯಲ್ಲಿ ಬಾಯಿಬಡುಕರನ್ನು ದೂರವಿಡುತ್ತಾರೆ. ನೀರಿನಲ್ಲಿ ತನ್ನ ಮುಖ ಕಾಣದಿರಲೆಂದು ರಾಜನನ್ನು ಅಂಗಾತ ಮಲಗಿಸಿಯೇ ತಲೆ ತೊಳೆಸುತ್ತಾರೆ. ಏಳು ವರ್ಷ ಹೀಗೆ ಸಾಗುತ್ತದೆ. ಒಂದು ದಿನ ತಲೆ ತೊಳೆಯುವ ದಾಸಿ ಡೋರ್ನ್ ನಿಧಾನ ಮಾಡಿದಳೆಂದು ರಾಜ ಚಾವಟಿಯಿಂದ ಹೊಡೆಯುತ್ತಾನೆ. ಕೆರಳಿದ ಅವಳು ಅವನ ಮುಖದ ಸೊಟ್ಟವನ್ನು ಆಡಿ ತೋರಿಸುತ್ತಾಳೆ. ಫರ್ಗಸ್ ಅವಳನ್ನು ಕತ್ತಿಯಿಂದ ಸೀಳಿ, ನೇರ ಸರೋವರಕ್ಕೆ ಹೋಗಿ ಧುಮುಕುತ್ತಾನೆ. ಒಂದು ಹಗಲು, ಒಂದು ರಾತ್ರಿ ನೀರು ಕುದಿಯುತ್ತದೆ. ಕೊನೆಗೆ ಪ್ರಾಣಿಯ ತಲೆಯನ್ನು ಹಿಡಿದು ಮೇಲೆದ್ದವನು ಉಳಿದವನು ತಾನೇ ಎಂದು ಸಾರಿ, ಅಲ್ಲೇ ಸತ್ತು ಮುಳುಗುತ್ತಾನೆ. ಸರೋವರ ಒಂದು ತಿಂಗಳು ಕೆಂಪಾಗಿತ್ತಂತೆ. ಡ್ರ್ಯಾಗನ್ನನ್ನು ಕೊಂದವನಿಗೆ ರಾಜ್ಯವೂ ರಾಜಕುಮಾರಿಯೂ ದೊರೆಯುವ ಸಿದ್ಧ ಕಥೆಗಿಂತ ಇದರ ದಾರಿ ಬೇರೆ. ಇಲ್ಲಿ ಪ್ರಾಣಿ ರಾಜನ ಹಕ್ಕನ್ನೇ ಪರೀಕ್ಷೆಗೆ ಒಡ್ಡುತ್ತದೆ. ಏಳು ವರ್ಷ ಒಂದು ಸುಳ್ಳಿನ ಮೇಲೆ ನಿಂತ ಅರಸೊತ್ತಿಗೆಗೆ ದಾಸಿಯ ಒಂದು ಮಾತು ಕೊನೆ ಹಾಡುವುದು ಈ ಕಥೆಯ ಅಸಾಧಾರಣ ಶಕ್ತಿ.

ಫ್ರೈಖ್ ಎಂಬ ವೀರನ ಗೋಹರಣ ಕಥೆಯಲ್ಲೂ ಮಡುವಿನ ಪ್ರಾಣಿಯಿದೆ. ಕೊನಾಖ್ಟ್‌ನ ರಾಜ ಆಲಿಲ್ ಮತ್ತು ರಾಣಿ ಮೇವ್ ತಮ್ಮ ಮಗಳು ಫಿಂದಬೈರ್‌ಳನ್ನು ಬಯಸಿ ಬಂದ ಫ್ರೈಖ್‌ನನ್ನು ಮುಗಿಸಲು ಹವಣಿಸಿ, ಮಡುವಿನಾಚೆಯ ರೋವನ್ ಮರದ ಕೆಂಪು ಹಣ್ಣುಗಳ ಕೊಂಬೆ ತರಲು ಹೇಳುತ್ತಾರೆ. ಎರಡನೆಯ ಬಾರಿ ಈಜುವಾಗ ಪ್ರಾಣಿ ಅವನನ್ನು ಹಿಡಿಯುತ್ತದೆ. ಅವನು ಕತ್ತಿಗಾಗಿ ಕೂಗಿದರೂ ರಾಜನಿಗೆ ಹೆದರಿ ದಡದಲ್ಲಿದ್ದ ಗಂಡಸರು ಯಾರೂ ಕದಲುವುದಿಲ್ಲ. ಫಿಂದಬೈರ್ ಬಟ್ಟೆ ಕಳಚಿ ಕತ್ತಿಯೊಂದಿಗೆ ನೀರಿಗೆ ಹಾರುತ್ತಾಳೆ. ಫ್ರೈಖ್ ಪ್ರಾಣಿಯ ತಲೆ ಕಡಿದು ದಡ ಸೇರುತ್ತಾನೆ. ಇದೇ ಕಥೆಯ ಉತ್ತರಭಾಗದಲ್ಲಿ ಅವನ ಸಂಗಡಿಗ ಕೊನಾಲ್ ಕೆರ್ನಾಖ್ ಆಲ್ಪ್ಸ್ ಬೆಟ್ಟಗಳ ಕೋಟೆಯೊಂದಕ್ಕೆ ನುಗ್ಗುವಾಗ, ಕೋಟೆ ಕಾಯುವ ಭೀಕರ ಸರ್ಪ ಅವನ ನಡುಪಟ್ಟಿಯೊಳಗೆ ಹಾರಿ ಕುಳಿತುಕೊಳ್ಳುತ್ತದೆ. ಕೋಟೆ ಸೂರೆಯಾದ ಮೇಲೆ ಅವನು ಅದನ್ನು ಹೊರಬಿಡುತ್ತಾನೆ. ಇಬ್ಬರೂ ಪರಸ್ಪರ ನೋಯಿಸುವುದಿಲ್ಲ. ಕಥೆಗಾರ ಇದಕ್ಕೆ ಕಾರಣ ಕೊಡುವ ಗೋಜಿಗೆ ಹೋಗಿಲ್ಲ. ಕೊನಾಲ್‌ನನ್ನು ಕೊಂಬಿನ ಹಾವು ಹಿಡಿದ ಹಳೆಯ ದೇವರೊಂದಿಗೆ ಜೋಡಿಸುವ ಊಹೆ ಹುಟ್ಟಿದ್ದು ಈ ಪ್ರಸಂಗದಿಂದ. ಊಹೆ ಆಕರ್ಷಕವೇ ಹೊರತು ಸಾಬೀತಾದದ್ದಲ್ಲ.

ಸ್ಥಳಪುರಾಣಗಳಲ್ಲಿ ಡ್ರ್ಯಾಗನ್ ನದಿ, ಸರೋವರಗಳ ಹುಟ್ಟನ್ನು ವಿವರಿಸುತ್ತದೆ. ಯುದ್ಧದೇವತೆ ಮೊರಿಗನ್‌ಳ ಮಗ ಮೇಖೆಯ ಮೂರು ಹೃದಯಗಳಲ್ಲಿ ಮೂರು ಹಾವುಗಳಿದ್ದವು. ಅವು ಬೆಳೆದರೆ ಐರ್ಲೆಂಡಿನಲ್ಲಿ ಜೀವಜಂತು ಉಳಿಯದೆಂದು ಅವನನ್ನು ಕೊಂದು, ಹೃದಯಗಳನ್ನು ಸುಟ್ಟು ಬೂದಿಯನ್ನು ಬ್ಯಾರೋ ನದಿಗೆ ಎಸೆದಾಗ ನದಿ ಕುದಿದು ಮೀನುಗಳೆಲ್ಲ ಸತ್ತವು. ಡೊನೆಗಾಲ್‌ನ ಡರ್ಗ್ ಸರೋವರದ ನೀರು ಕೆಂಪಾದದ್ದು ಅಲ್ಲಿ ಕೊಲ್ಲಲ್ಪಟ್ಟ ಕೋರಾನಖ್ ಎಂಬ ಹೆಣ್ಣುಸರ್ಪದ ರಕ್ತದಿಂದ ಎನ್ನುತ್ತಾರೆ. ಕೊಂದವನು ಫಿನ್ ವೀರನ ಪಡೆಯ ಕೊನಾನ್ ಎಂದು ಒಂದು ಪಾಠ, ಸಂತ ಪ್ಯಾಟ್ರಿಕ್ ಎಂದು ಇನ್ನೊಂದು. ಆ ಸರೋವರದ ದ್ವೀಪ ಇಂದಿಗೂ ಐರ್ಲೆಂಡಿನ ಕಟ್ಟುನಿಟ್ಟಿನ ಯಾತ್ರಾಸ್ಥಳ. ಫಿನ್ ಕಥಾಚಕ್ರದ ಲಾವಣಿಗಳಲ್ಲಿ ಸರೋವರ ಸರೋವರದಲ್ಲೂ ಒಂದೊಂದು ಸರ್ಪ ಸಾಯುತ್ತದೆ. 1627ರಲ್ಲಿ ಬರೆದ ಡುವಾನಿರೆ ಫಿನ್ ಹಸ್ತಪ್ರತಿಯಲ್ಲಿ ಅಂಥ ವಧೆಗಳ ಉದ್ದನೆಯ ಪಟ್ಟಿಯೇ ಇದೆ.

ಪ್ಯಾಟ್ರಿಕ್ ಐರ್ಲೆಂಡಿನಿಂದ ಹಾವುಗಳನ್ನು ಓಡಿಸಿದನೆಂಬ ಪ್ರಸಿದ್ಧ ಕಥೆ ಅವನ ಕಾಲದ್ದಲ್ಲ. ಅದು ನೆಲೆಯೂರಿದ್ದು 12ನೆಯ ಶತಮಾನದಲ್ಲಿ. ಹಿಮಯುಗದ ಅನಂತರ ಐರ್ಲೆಂಡಿಗೆ ಹಾವುಗಳು ತಲುಪಿಯೇ ಇರಲಿಲ್ಲ. ಪ್ಯಾಟ್ರಿಕ್‌ಗಿಂತ ಹಿಂದಿನ ಲ್ಯಾಟಿನ್ ಲೇಖಕ ಸೊಲಿನಸ್ ಆ ದ್ವೀಪದಲ್ಲಿ ಹಾವಿಲ್ಲವೆಂದು ಆಗಲೇ ಬರೆದಿದ್ದ.

ಸ್ಕಾಟ್ಲೆಂಡಿನಲ್ಲಿ ಐರಿಶ್ ಕಥೆಗಳೇ ಹೊಸ ನೆಲ ಕಂಡುಕೊಂಡವು. ಫ್ರೈಖ್‌ನ ಕಥೆ ಅಲ್ಲಿ ಲಾವಣಿಯಾಗಿ ಬೆಳೆಯಿತು, ದುರಂತವಾಯಿತು. ವೀರನೂ ಸರ್ಪವೂ ಒಟ್ಟಿಗೆ ಸಾಯುತ್ತಾರೆ. 16ನೆಯ ಶತಮಾನದ ಆರಂಭದ ಲಿಸ್ಮೋರ್ ಡೀನ್‌ನ ಪುಸ್ತಕ ಎಂಬ ಹಸ್ತಪ್ರತಿಯಲ್ಲಿ ಅದು ಸೇರಿದೆ; ಜನ ಅದನ್ನು ಲಾಕ್ ಆ ಎಂಬ ಸರೋವರದ ಪುಟ್ಟ ದ್ವೀಪಕ್ಕೆ ಜೋಡಿಸಿಕೊಂಡರು. ಸುಮಾರು ಕ್ರಿ.ಶ. 700ರಲ್ಲಿ ಅಯೋನಾ ಮಠದ ಮುಖ್ಯಸ್ಥ ಆಡಮ್ನಾನ್ ಬರೆದ ಸಂತ ಕೊಲಂಬನ ಚರಿತ್ರೆಯಲ್ಲಿ ನೆಸ್ ನದಿಯ ಪ್ರಾಣಿ ಬರುತ್ತದೆ. ಅದರ ಕಡಿತದಿಂದ ಸತ್ತವನನ್ನು ಜನ ಹೂಳುತ್ತಿದ್ದಾಗಲೇ ಕೊಲಂಬ ತನ್ನ ಶಿಷ್ಯನೊಬ್ಬನಿಗೆ ಆಚೆ ದಡದ ದೋಣಿ ತರಲು ಈಜಿ ಹೋಗುವಂತೆ ಹೇಳುತ್ತಾನೆ. ಬಾಯ್ದೆರೆದು ಗರ್ಜಿಸುತ್ತ ಮೇಲೆದ್ದ ಪ್ರಾಣಿ ಶಿಷ್ಯನಿಗೆ ಒಂದು ದೋಣಿಗಳುವಿನಷ್ಟು ಸಮೀಪ ಬಂದಾಗ ಸಂತ ಗಾಳಿಯಲ್ಲಿ ಶಿಲುಬೆಯ ಗುರುತು ಮಾಡುತ್ತಾನೆ. ಹಗ್ಗ ಹಾಕಿ ಎಳೆದ ಹಾಗೆ ಅದು ಹಿಂದಕ್ಕೆ ಓಡುತ್ತದೆ. ಲಾಕ್ ನೆಸ್ ಸರೋವರದ ಪ್ರಾಣಿಯ ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿದ್ದು 1933ರಲ್ಲಿ. ಎರಡರ ನಡುವೆ ಬಿಡದೆ ಬಂದ ಪರಂಪರೆಯಿದೆ ಎನ್ನಲು ಆಧಾರ ಇಲ್ಲ.

ನೀರನ್ನು ಕಟ್ಟಿಹಾಕಿದ ಸರ್ಪವನ್ನು ವೀರನು ಕೊಲ್ಲುವ ಕಥಾಬಂಧ ಇಂಡೋ-ಯೂರೋಪಿಯನ್ ಭಾಷೆಗಳಲ್ಲೆಲ್ಲ ಹರಡಿದೆ. ಋಗ್ವೇದದ ಇಂದ್ರ-ವೃತ್ರ ಕಥನ ಅದರ ಅತ್ಯಂತ ಸ್ಪಷ್ಟ ರೂಪ. ಕ್ಯಾಲ್ವರ್ಟ್ ವಾಟ್ಕಿನ್ಸ್ 1995ರಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನದಲ್ಲಿ ವೈದಿಕ, ಗ್ರೀಕ್, ಹಿಟ್ಟೈಟ್ ಪಠ್ಯಗಳೊಂದಿಗೆ ಐರಿಶ್ ಪಠ್ಯಗಳನ್ನೂ ಪರಿಶೀಲಿಸಿದ್ದಾರೆ. ಆದರೆ ಫರ್ಗಸ್ ಆಗಲಿ ಫ್ರೈಖ್ ಆಗಲಿ ಲೋಕಕ್ಕೆ ನೀರನ್ನು ಬಿಡಿಸಿಕೊಡುವುದಿಲ್ಲ; ಅವರ ಹೋರಾಟ ತಮ್ಮ ಮಾನಕ್ಕೆ, ಪ್ರಾಣಕ್ಕೆ ಸಂಬಂಧಿಸಿದ್ದು.

ವೇಲ್ಸಿನಲ್ಲಿ ಡ್ರ್ಯಾಗನ್ ನಾಡಿನ ಪ್ರತೀಕವಾಗುತ್ತದೆ. ಲ್ಲುದ್ ಮತ್ತು ಲ್ಲೆವೆಲಿಸ್ ಎಂಬ ಕಥೆ 1400ರ ಆಸುಪಾಸಿನಲ್ಲಿ ಬರೆದ ಹೆರ್ಗೆಸ್ಟ್‌ನ ಕೆಂಪು ಪುಸ್ತಕದಲ್ಲಿ ಪೂರ್ಣವಾಗಿ ಸಿಗುತ್ತದೆ. ಮಾಬಿನೋಗಿಯನ್ ಕಥಾಸಂಗ್ರಹದಲ್ಲಿ ಈಗ ಸೇರಿದೆ. ಬ್ರಿಟನ್ನಿನ ರಾಜ ಲ್ಲುದ್‌ನ ಕಾಲದಲ್ಲಿ ನಾಡಿಗೆ ಮೂರು ಪಿಡುಗುಗಳು ಬರುತ್ತವೆ. ಎರಡನೆಯದು, ಪ್ರತಿವರ್ಷ ಮೇ ತಿಂಗಳ ಹಬ್ಬದ ಹಿಂದಿನ ರಾತ್ರಿ ಎಲ್ಲ ಮನೆಗಳಲ್ಲೂ ಕೇಳಿಬರುವ ಚೀತ್ಕಾರ. ಅದಕ್ಕೆ ಗಂಡಸರ ಕಸುವು ಉಡುಗುತ್ತದೆ, ಬಸುರಿಯರ ಗರ್ಭ ಇಳಿಯುತ್ತದೆ, ಹೊಲ, ಮರ, ನೀರು ಎಲ್ಲವೂ ಬರಡಾಗುತ್ತವೆ. ಫ್ರಾನ್ಸಿನ ರಾಜನಾಗಿದ್ದ ತಮ್ಮ ಲ್ಲೆವೆಲಿಸ್ ಕಾರಣ ತಿಳಿಸುತ್ತಾನೆ: ನಾಡಿನ ಡ್ರ್ಯಾಗನ್ ಪರದೇಶದ ಡ್ರ್ಯಾಗನ್ನಿನೊಂದಿಗೆ ಸೆಣಸುತ್ತಿದೆ, ಚೀತ್ಕಾರ ಅದರದೇ.

ಪರಿಹಾರವೂ ಅಷ್ಟೇ ವಿವರವಾಗಿದೆ. ಲ್ಲುದ್ ದ್ವೀಪದ ಉದ್ದಗಲ ಅಳೆಸುತ್ತಾನೆ. ನಡುಮಧ್ಯ ಆಕ್ಸ್‌ಫರ್ಡ್ ಎಂದು ತಿಳಿಯುತ್ತದೆ. ಅಲ್ಲಿ ಗುಂಡಿ ತೋಡಿಸಿ, ಜೇನುಮದ್ಯ ತುಂಬಿದ ಕೊಪ್ಪರಿಗೆ ಇಡಿಸಿ, ಮೇಲೆ ರೇಷ್ಮೆಯ ಹಚ್ಚಡ ಹೊದಿಸಿ ಕಾದು ಕೂರುತ್ತಾನೆ. ಪ್ರಾಣಿಗಳು ಮೊದಲು ಘೋರ ಮೃಗಗಳಾಗಿ ಕಾದಾಡುತ್ತವೆ, ಆಮೇಲೆ ಡ್ರ್ಯಾಗನ್‌ಗಳಾಗಿ ಗಾಳಿಗೇರುತ್ತವೆ, ದಣಿದು ಎರಡು ಹಂದಿಮರಿಗಳಾಗಿ ಹಚ್ಚಡದ ಮೇಲೆ ಬೀಳುತ್ತವೆ. ಹಚ್ಚಡದೊಂದಿಗೆ ಕೊಪ್ಪರಿಗೆಯೊಳಗೆ ಕುಸಿದು ಮದ್ಯವನ್ನೆಲ್ಲ ಕುಡಿದು ನಿದ್ದೆಹೋಗುತ್ತವೆ. ಲ್ಲುದ್ ಅವನ್ನು ಅದೇ ಹಚ್ಚಡದಲ್ಲಿ ಸುತ್ತಿ, ಕಲ್ಲಿನ ಪೆಟ್ಟಿಗೆಯಲ್ಲಿಟ್ಟು, ಎರರಿ ಪರ್ವತಸೀಮೆಯ ಡಿನಾಸ್ ಎಮ್ರಿಸ್‌ನಲ್ಲಿ ಹೂಳಿಸುತ್ತಾನೆ. ಯಾರೂ ಅವುಗಳನ್ನು ಕೊಲ್ಲುವುದಿಲ್ಲ. ಹೂತಿರುವವರೆಗೂ ನಾಡಿಗೆ ಕ್ಷೇಮ ಎಂಬುದು ಕಥೆಯ ನಂಬಿಕೆ.

ಅವು ಮೇಲೇಳುವ ಕಥೆ ಬರಹದಲ್ಲಿ ಇನ್ನೂ ಹಳೆಯದು. ಸುಮಾರು 830ರ ಬ್ರಿಟನರ ಚರಿತ್ರೆ ಎಂಬ ಲ್ಯಾಟಿನ್ ಗ್ರಂಥವನ್ನು ನೆನ್ನಿಯಸ್‌ನ ಹೆಸರಿಗೆ ಹೇಳುವುದು ವಾಡಿಕೆ. ಅದರಲ್ಲಿ ರಾಜ ವೋರ್ಟಿಗರ್ನ್ ಕಟ್ಟಿಸುವ ಕೋಟೆಗೆ ಕೂಡಿಟ್ಟ ಸಾಮಗ್ರಿ ಪ್ರತಿ ರಾತ್ರಿ ಮಾಯವಾಗುತ್ತದೆ. ತಂದೆಯಿಲ್ಲದ ಹುಡುಗನ ರಕ್ತ ಚಿಮುಕಿಸಬೇಕೆಂದು ಮಂತ್ರವಾದಿಗಳು ಹೇಳುತ್ತಾರೆ. ಹಿಡಿದು ತಂದ ಹುಡುಗ ಅವರನ್ನೇ ಪ್ರಶ್ನಿಸುತ್ತಾನೆ: ಈ ನೆಲದಡಿ ಏನಿದೆ? ಅಗೆದಾಗ ಕೊಳ, ಕೊಳದಲ್ಲಿ ಪಾತ್ರೆಗಳು, ಅವುಗಳಲ್ಲಿ ಮಡಿಸಿಟ್ಟ ಡೇರೆಯ ಬಟ್ಟೆ, ಬಟ್ಟೆಯೊಳಗೆ ಮಲಗಿದ ಎರಡು ಹುಳುಗಳು, ಒಂದು ಬಿಳಿ, ಒಂದು ಕೆಂಪು. ಬಿಳಿಯದು ಕೆಂಪನ್ನು ಬಟ್ಟೆಯ ಅಂಚಿಗೆ ತಳ್ಳುತ್ತದೆ. ಕೊನೆಗೆ ಕೆಂಪು ಬಲಗೊಂಡು ಬಿಳಿಯದನ್ನು ಓಡಿಸುತ್ತದೆ. ಕೊಳವೆಂದರೆ ಲೋಕ, ಬಟ್ಟೆಯೆಂದರೆ ರಾಜ್ಯ, ಕೆಂಪು ಹುಳು ಬ್ರಿಟನರದು, ಬಿಳಿಯದು ಅವರ ನೆಲ ಕಬಳಿಸಿದ ಸ್ಯಾಕ್ಸನರದು ಎಂದು ಹುಡುಗ ವಿವರಿಸುತ್ತಾನೆ. ಅವನ ಹೆಸರು ಆಂಬ್ರೋಸಿಯಸ್, ವೆಲ್ಷ್‌ನಲ್ಲಿ ಎಮ್ರಿಸ್. ಸೋತ ಜನಾಂಗವೊಂದು ತನ್ನ ನಾಳೆಯನ್ನು ಹೀಗೆ ಕೊಳದೊಳಗೆ ಕಾಪಿಟ್ಟುಕೊಂಡಿತು. ಬೆಡ್‌ಗೆಲರ್ಟ್ ಊರಿನ ಬಳಿಯ ಡಿನಾಸ್ ಎಮ್ರಿಸ್ ಗುಡ್ಡದಲ್ಲಿ 1954-56ರಲ್ಲಿ ನಡೆದ ಉತ್ಖನನದಲ್ಲಿ ರೋಮನ್ನರ ಅನಂತರದ ಕಾಲದ ವಸ್ತಿಯ ಕುರುಹುಗಳೊಂದಿಗೆ ಒಂದು ಕೊಳವೂ ಪತ್ತೆಯಾಯಿತು.

ಸುಮಾರು 1136ರಲ್ಲಿ ಮನ್ಮತ್‌ನ ಜೆಫ್ರಿ ತನ್ನ ಬ್ರಿಟನ್ ರಾಜರ ಚರಿತ್ರೆಯಲ್ಲಿ ಈ ಹುಡುಗನನ್ನು ಮೆರ್ಲಿನ್ ಆಗಿಸಿದ. ಹುಳುಗಳನ್ನು ಬೆಂಕಿಯುಸಿರಿನ ಡ್ರ್ಯಾಗನ್‌ಗಳಾಗಿಸಿದ. ಆರ್ಥರ್‌ನ ತಂದೆ ಊಥರ್ ಆಕಾಶದಲ್ಲಿ ಡ್ರ್ಯಾಗನ್ ಆಕಾರದ ಬೆಂಕಿಯ ನಕ್ಷತ್ರ ಕಂಡು ಎರಡು ಚಿನ್ನದ ಡ್ರ್ಯಾಗನ್ ಮಾಡಿಸಿ, ಒಂದನ್ನು ವಿಂಚೆಸ್ಟರ್ ಚರ್ಚಿಗೆ ಕೊಟ್ಟು ಇನ್ನೊಂದನ್ನು ಯುದ್ಧಕ್ಕೆ ಒಯ್ದನೆಂಬುದೂ ಜೆಫ್ರಿಯ ಕಥನವೇ. ಡ್ರ್ಯಾಗನ್ ಪತಾಕೆಗೆ ರೋಮನ್ ಮೂಲವಿದೆ. ರೋಮನ್ ಅಶ್ವಸೇನೆ ಡೇಸಿಯನ್, ಸರ್ಮೇಷಿಯನ್ ಜನರಿಂದ ಕಲಿತ ಪತಾಕೆಯಲ್ಲಿ ಬಾಯ್ದೆರೆದ ಲೋಹದ ತಲೆಗೆ ಬಟ್ಟೆಯ ಕೊಳವೆ ಜೋಡಿಸಿರುತ್ತಿತ್ತು. ಸವಾರ ಓಡಿದಾಗ ಗಾಳಿ ತುಂಬಿ ಅದು ಬುಸುಗುಡುತ್ತ ಬಳುಕುತ್ತಿತ್ತು. ವೆಲ್ಷ್ ಭಾಷೆಯ ಡ್ರೈಗ್ ಎಂಬ ಪದವೂ ಲ್ಯಾಟಿನ್ನಿನಿಂದಲೇ ಬಂದದ್ದು. ವೆಲ್ಷ್ ಕವಿಗಳು ಅದನ್ನು ವೀರನಿಗೆ, ಒಡೆಯನಿಗೆ ಬಳಸಿದರು. 6ನೆಯ ಶತಮಾನದ ಗಿಲ್ಡಾಸ್ ಗ್ವಿನೆಡ್‌ನ ರಾಜ ಮೇಲ್ಗೂನ್‌ನನ್ನು ದ್ವೀಪದ ಡ್ರ್ಯಾಗನ್ ಎಂದು ನಿಂದಿಸಿದ್ದಾನೆ.

ಸಂತರ ಚರಿತ್ರೆಗಳಲ್ಲಿ ಡ್ರ್ಯಾಗನ್ ಮತ್ತೆ ಕಡಲಿಗೆ ಮರಳುತ್ತದೆ. 884ರಲ್ಲಿ ಬ್ರಿಟನಿಯ ಲಾಂದೆವೆನೆಕ್ ಮಠದ ಉರ್ಮೊನೊಕ್ ಬರೆದ ಸಂತ ಪೋಲ್‌ನ ಚರಿತ್ರೆಯಲ್ಲಿ, ಬಾತ್ಸ್ ದ್ವೀಪವನ್ನು ಪೀಡಿಸುತ್ತಿದ್ದ ಡ್ರ್ಯಾಗನ್ನಿನ ಕೊರಳಿಗೆ ಸಂತ ತನ್ನ ಪೂಜೆಯ ಶಲ್ಯ ಬಿಗಿದು ಎಳೆದೊಯ್ದು ಸಮುದ್ರಕ್ಕೆ ಇಳಿಸುತ್ತಾನೆ. ಆ ಜಾಗಕ್ಕೆ ಬ್ರೆಟನ್ ಭಾಷೆಯಲ್ಲಿ ಇಂದಿಗೂ ಸರ್ಪದ ಬಿಲ ಎಂದೇ ಹೆಸರು. ವೇಲ್ಸಿನ ಸಂತ ಕಾರನ್ನೋಗ್ ಕೂಡ ಆರ್ಥರ್ ಹುಡುಕಿ ಸೋತ ಸರ್ಪವನ್ನು ಶಲ್ಯದಿಂದ ಕಟ್ಟಿ ಕೋಟೆಗೆ ಕರೆತರುತ್ತಾನೆ. ಜನ ಕೊಲ್ಲಲು ಮುಂದಾದಾಗ ಬಿಡದೆ, ಇನ್ನು ಹಾವಳಿ ಮಾಡಬೇಡವೆಂದು ಹೇಳಿ ಕಳುಹಿಸುತ್ತಾನೆ. ಜಾರ್ಜ್, ಮೈಕೇಲ್‌ರಂತೆ ಈಟಿಯಿಂದ ಇರಿಯದೆ ಪಳಗಿಸಿ ಕಳುಹಿಸುವುದು ಕೆಲ್ಟಿಕ್ ಸಂತಕಥೆಗಳ ಹೃದ್ಯವಾದ ಲಕ್ಷಣ. ಟ್ರಿಸ್ಟನ್ ಐರ್ಲೆಂಡಿನಲ್ಲಿ ಡ್ರ್ಯಾಗನ್ ಕೊಂದು, ಅದರ ನಾಲಿಗೆ ಕತ್ತರಿಸಿಟ್ಟುಕೊಂಡು, ನಂಜಿನಿಂದ ಮೂರ್ಛೆ ಹೋಗುವ ಪ್ರಸಂಗ ಮಾತ್ರ ಯೂರೋಪಿನ ಪ್ರೇಮಕಾವ್ಯದ ಧಾಟಿಯದು.

ವೇಲ್ಸಿನ ಹಳ್ಳಿಗರ ಕಥೆಗಳಲ್ಲಿ ರೆಕ್ಕೆಯ ಹಾವಿಗೆ ಗ್ವಿಬರ್ ಎಂದು ಹೆಸರು. ಹೆಂಗಸಿನ ಎದೆಹಾಲು ಕುಡಿದ ಹಾವು ಗ್ವಿಬರ್ ಆಗುತ್ತದೆ ಎಂಬ ನಂಬಿಕೆಯಿತ್ತು. ಕಾನ್ವಿ ನದಿಯ ಮಡುವಿನಲ್ಲಿದ್ದು ನೆರೆ ತರುತ್ತಿದ್ದ ಅವಾಂಕ್ ಎಂಬ ಪ್ರಾಣಿಯನ್ನು ಸರಪಳಿ ಬಿಗಿದು, ಎತ್ತುಗಳಿಂದ ಎಳೆಸಿ, ಬೆಟ್ಟದ ಮೇಲಿನ ಗ್ಲಾಸ್ಲಿನ್ ಸರೋವರಕ್ಕೆ ಸಾಗಿಸಿದರೆಂಬುದು ಇನ್ನೊಂದು ಕಥೆ. ಮೇರಿ ಟ್ರೆವೆಲಿಯನ್ 1909ರಲ್ಲಿ ಪ್ರಕಟಿಸಿದ ವೆಲ್ಷ್ ಜನಪದ ಸಂಗ್ರಹದಲ್ಲಿ ಗ್ಲಾಮರ್ಗನ್ ಪ್ರದೇಶದ ಪೆನ್‌ಲಿನ್‌ನ ವೃದ್ಧನೊಬ್ಬನ ನೆನಪಿದೆ. ಅಲ್ಲಿನ ಕಾಡಿನ ರೆಕ್ಕೆಹಾವುಗಳು ಸುರುಳಿ ಸುತ್ತಿ ಮಲಗಿದಾಗ ಒಡವೆ ಹೊದ್ದಂತೆ ಹೊಳೆಯುತ್ತಿದ್ದವು. ಸಿಟ್ಟು ಬಂದರೆ ನವಿಲುಗರಿಯ ಕಣ್ಣುಗಳುಳ್ಳ ರೆಕ್ಕೆ ಬಿಚ್ಚಿ ಜನರ ತಲೆಯ ಮೇಲೆ ಹಾರುತ್ತಿದ್ದವು. ನರಿಗಳಂತೆ ಕೋಳಿಗಳನ್ನು ಕದಿಯುತ್ತಿದ್ದುದರಿಂದ ತನ್ನ ಅಪ್ಪ, ಚಿಕ್ಕಪ್ಪಂದಿರ ಕಾಲದವರು ಅವನ್ನು ಕೊಂದು ಮುಗಿಸಿದರೆಂದು ಆ ವೃದ್ಧ ಹೇಳಿದ್ದಾನೆ.

ಡ್ರ್ಯಾಗನ್ ಎಂದರೆ ಭೂಮಿಯ ಗುಪ್ತಶಕ್ತಿಯ ರೇಖೆ, ಡ್ರೂಯಿಡರು ಅದನ್ನು ಬಲ್ಲವರಾಗಿದ್ದರು ಎಂಬ ಇಂದಿನ ಜನಪ್ರಿಯ ಮಾತಿಗೆ ಹಳೆಯ ಪಠ್ಯಗಳಲ್ಲಿ ಬೇರಿಲ್ಲ. ಪ್ರಾಚೀನ ಸ್ಥಳಗಳು ನೇರ ಗೆರೆಗಳಲ್ಲಿವೆ ಎಂಬ ವಾದವನ್ನು 1920ರ ದಶಕದಲ್ಲಿ ಆಲ್ಫ್ರೆಡ್ ವಾಟ್ಕಿನ್ಸ್ ಮುಂದಿಟ್ಟ. 1969ರಲ್ಲಿ ಜಾನ್ ಮಿಚೆಲ್ ಅದಕ್ಕೆ ಚೀನಾದ ವಾಸ್ತುಶಾಸ್ತ್ರದ ಡ್ರ್ಯಾಗನ್ ಕಲ್ಪನೆಯನ್ನು ಬೆಸೆದ.

ರಾಜಕೀಯದಲ್ಲಿ ಡ್ರ್ಯಾಗನ್ನಿನ ಬಾಳು ಹೆಚ್ಚು ನಿರ್ದಿಷ್ಟ. ಇಂಗ್ಲಿಷರ ವಿರುದ್ಧ ಬಂಡೆದ್ದ ಓವೈನ್ ಗ್ಲಿಂಡೂರ್ 1401ರಲ್ಲಿ ಕೆರ್ನಾರ್ವನ್ ಬಳಿ ಚಿನ್ನದ ಡ್ರ್ಯಾಗನ್ನಿನ ಪತಾಕೆ ಎತ್ತಿದ. ವೆಲ್ಷ್ ವಂಶದ ಹೆನ್ರಿ ಟ್ಯೂಡರ್ 1485ರ ಬಾಸ್ವರ್ತ್ ಯುದ್ಧಕ್ಕೆ ಕೆಂಪು ಡ್ರ್ಯಾಗನ್ನನ್ನು ಒಯ್ದು, ಗೆದ್ದ ಮೇಲೆ ಆ ಪತಾಕೆಯನ್ನು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗೆ ಅರ್ಪಿಸಿದ. ಹಳೆಯ ಭವಿಷ್ಯವಾಣಿ ತನ್ನಲ್ಲಿ ಫಲಿಸಿತೆಂಬುದು ಅದರ ಇಂಗಿತ. ಟ್ಯೂಡರ್ ರಾಜಲಾಂಛನವನ್ನು ಹಿಡಿದಿದ್ದ ಡ್ರ್ಯಾಗನ್ನಿನ ಜಾಗಕ್ಕೆ 1603ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಜೇಮ್ಸ್ ಸ್ಕಾಟ್ಲೆಂಡಿನ ಒಂಟಿಕೊಂಬಿನ ಕುದುರೆಯನ್ನು ತಂದ. ಯೂನಿಯನ್ ಜ್ಯಾಕ್‌ನಲ್ಲಿ ವೇಲ್ಸಿನ ಗುರುತು ಇಲ್ಲ. ಬಿಳಿ, ಹಸಿರು ಪಟ್ಟಿಗಳ ಮೇಲೆ ಕೆಂಪು ಡ್ರ್ಯಾಗನ್ ಇರುವ ಬಾವುಟಕ್ಕೆ ವೇಲ್ಸಿನ ಅಧಿಕೃತ ಧ್ವಜದ ಮಾನ್ಯತೆ ದೊರೆತದ್ದು 1959ರಲ್ಲಿ.